ಡಸ್ಟರ್‌ನ ಮುಂದಿನ ಬ್ರೇಕ್ ಮನೆಯಂಗಳದಲ್ಲೇ ಬದಲಾಯಿಸಿದೆ

ಕರಾವಳಿಯಲ್ಲಿ ಬ್ರೇಕ್ ಬದಲಾಯಿಸೋದು ಅಂದರೆ ಅರ್ಧಕ್ಕರ್ಧ ತುಕ್ಕು ಬಿಡಿಸುವ ಕೆಲಸ. ನಮ್ಮ ಮನೆ ಮಲ್ಪೆ ಹತ್ತಿರ. ವರ್ಷವಿಡೀ ಉಪ್ಪುಗಾಳಿ, ಮೇಲಿಂದ ನಮ್ಮ ಮಳೆಗಾಲ. ಗಾಡಿ ರೆನೋ ಡಸ್ಟರ್, ಆಲ್ ವ್ಹೀಲ್ ಡ್ರೈವ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವಂಥದ್ದು. ಆಗುಂಬೆ ಘಾಟಿಯ 14 ತಿರುವು ಇಳಿಯುವಾಗ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಿತ್ತು. ಸೋಮೇಶ್ವರ ಮುಟ್ಟುವಷ್ಟರಲ್ಲಿ ಪೆಡಲ್ ಕೂಡ ಕಾಲಿಗೆ ಒದೆಯತೊಡಗಿತು.

ಚಕ್ರ ಬಿಚ್ಚಿ ನೋಡಿದೆ. ರೋಟರನ್ನು ಒತ್ತಿ ಹಿಡಿಯುವ ಪ್ಯಾಡ್ 3 ಮಿ.ಮೀ.ಗಿಂತ ಕಡಿಮೆ ಉಳಿದಿತ್ತು. ರೋಟರ್, ಅಂದರೆ ಚಕ್ರದ ಜೊತೆ ತಿರುಗುವ ಬ್ರೇಕ್ ತಟ್ಟೆ, ಅದರ ಅಂಚಲ್ಲಿ ಉಗುರಿಗೆ ಸಿಗುವಷ್ಟು ಏಣು. ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ರೋಟರ್ ಮೇಲೇ ಬರೆದಿರುತ್ತದೆ. ಅದನ್ನು ಮೈಕ್ರೋಮೀಟರಿನಲ್ಲೇ ಅಳೆಯಿರಿ. ವರ್ನಿಯರ್ ಇಟ್ಟರೆ ಆ ಏಣು ಅಡ್ಡ ಬಂದು ದಪ್ಪ ಜಾಸ್ತಿ ತೋರಿಸುತ್ತದೆ. ನನ್ನದು ಮಿತಿಗಿಂತ ಕೆಳಗಿಳಿದಿತ್ತು. ಹಾಗಾಗಿ ಎಡ ಬಲ ಎರಡೂ ಕಡೆ ಪ್ಯಾಡ್, ರೋಟರ್ ಹೊಸದೇ ತಂದೆ.

ಆಲ್ ವ್ಹೀಲ್ ಡ್ರೈವ್ ಅಂದ ಕೂಡಲೇ ತುಂಬಾ ಜನ ಹೆದರುತ್ತಾರೆ. ಈ ಕೆಲಸಕ್ಕೆ ಆಕ್ಸಲ್ ಮುಟ್ಟುವುದೇ ಬೇಡ. ಆದರೆ ಮುಂದಿನ ಚಕ್ರ ಎತ್ತಿಟ್ಟು ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಲೇಬಾರದು. ಹಿಂದಿನ ಚಕ್ರಕ್ಕೂ ಬಲ ಹೋದರೆ ಗಾಡಿ ಸ್ಟ್ಯಾಂಡಿನಿಂದ ಜಿಗಿಯುತ್ತದೆ. ನಮ್ಮ ಅಂಗಳದ ಕೆಂಪು ಮಣ್ಣಲ್ಲಿ ಸ್ಟ್ಯಾಂಡಿನ ಕಾಲು ಹೂತುಹೋಗುತ್ತದೆ. ಅದಕ್ಕೇ ಅಡಿಗೆ ದಪ್ಪ ಹಲಗೆ ಇಟ್ಟೆ. ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಅಡ್ಡಕಲ್ಲು ಕೊಟ್ಟೆ. ಬರೀ ಜ್ಯಾಕ್ ನಂಬಿ ಕೈ ಹಾಕಬೇಡಿ.

ಪ್ಯಾಡ್‌ಗಳನ್ನು ರೋಟರಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಸ್ಪ್ರಿಂಗ್‌ಗೆ ಕಟ್ಟಿದೆ, ಹೋಸ್ ಮೇಲೆ ಭಾರ ಬೀಳಬಾರದು ಅಲ್ವಾ. ರೋಟರ್ ಮಾತ್ರ ಚಕ್ರ ಕೂರುವ ಹಬ್‌ಗೆ ಕಚ್ಚಿಕೊಂಡು ಕೂತಿತ್ತು. ತುಕ್ಕು ಸಡಿಲಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ತಿರುಗಿಸಿ ತಿರುಗಿಸಿ ಸುತ್ತಲೂ ಸಮನಾಗಿ ಸುತ್ತಿಗೆ ಪೆಟ್ಟು ಕೊಟ್ಟ ಮೇಲೆ, ಸುಟ್ಟ ಹಪ್ಪಳದಂಥ ಕಂದು ಚೂರುಗಳನ್ನು ಉದುರಿಸುತ್ತಾ ಕಳಚಿ ಬಂತು.

ಇಲ್ಲಿ ಅವಸರ ಮಾಡುವವರೇ ಜಾಸ್ತಿ. ಹಬ್ಬಿನ ಮುಖದ ಮೇಲೆ ತುಕ್ಕಿನ ಒಂದು ಚಕ್ಕೆ ಉಳಿದರೂ ಹೊಸ ರೋಟರ್ ಕೂದಲೆಳೆಯಷ್ಟು ವಾಲಿ ಕೂರುತ್ತದೆ. ಮೊದಮೊದಲು ಗೊತ್ತೇ ಆಗುವುದಿಲ್ಲ. ಕೆಲವು ಸಾವಿರ ಕಿ.ಮೀ. ಓಡಿದ ಮೇಲೆ ರೋಟರ್ ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿ ಅದೇ ನಡುಕ ವಾಪಸ್ ಬರುತ್ತದೆ. ಆಗ ಪಾಪ, ಎಲ್ಲರೂ ರೋಟರಿನ ಕ್ವಾಲಿಟಿಗೇ ಬೈಯುತ್ತಾರೆ. ತಂತಿ ಬ್ರಷ್, ಎಮರಿ ಪೇಪರ್ ಹಿಡಿದು ಬೋಲ್ಟಿನ ತೂತುಗಳ ಸುತ್ತ, ನಡುವಿನ ಉಬ್ಬಿನ ಬುಡದವರೆಗೂ ಉಜ್ಜಿದೆ. ಬೆರಳಾಡಿಸಿದರೆ ಎಲ್ಲೂ ತೊಡರಬಾರದು, ಅಲ್ಲಿವರೆಗೆ ಬಿಡಲಿಲ್ಲ.

ಕ್ಯಾಲಿಪರ್ ಜಾರಾಡುವ ಸ್ಲೈಡ್ ಪಿನ್‌ದೂ ಅದೇ ಕಥೆ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ಜಾಸ್ತಿ ಸವೆದಿತ್ತು, ಅಂದರೆ ಪಿನ್ ಸರಾಗ ಓಡುತ್ತಿಲ್ಲ. ತೆಗೆದು ಒರೆಸಿ, ಸಿಲಿಕೋನ್ ಗ್ರೀಸ್ ಹಚ್ಚಿದೆ. ಸಾದಾ ಗ್ರೀಸ್ ಬೇಡ, ರಬ್ಬರ್ ಉಬ್ಬುತ್ತದೆ.

ಹಳೇ ಪ್ಯಾಡ್ ಅಡ್ಡ ಇಟ್ಟು ಸಿ ಕ್ಲ್ಯಾಂಪಿನಲ್ಲಿ ಪ್ಯಾಡ್ ಒತ್ತುವ ಪಿಸ್ಟನ್ ನಿಧಾನ ಹಿಂದೆ ತಳ್ಳಿದೆ. ಆಗ ಮೇಲಿನ ಬ್ರೇಕ್ ಆಯಿಲ್ ಡಬ್ಬಿ ಕಡೆ ಒಂದು ಕಣ್ಣಿರಲಿ. ಬ್ರೇಕ್ ಆಯಿಲ್ ಉಕ್ಕಿ ಚೆಲ್ಲಿದರೆ ಪೇಂಟ್ ಕಿತ್ತುಬರುತ್ತದೆ. ಹೊಸ ರೋಟರಿಗೆ ಬಳಿದಿರುವ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಪೂರ್ತಿ ತೆಗೆದು ಜೋಡಿಸಿದೆ. ಗಾಡಿ ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ತುಳಿಯಬೇಕು. ಇದನ್ನು ಮರೆತರೆ ಮೊದಲ ಬ್ರೇಕೇ ಹಿಡಿಯುವುದಿಲ್ಲ.

ಬೆಳಗಿನ ಜಾವ ಸಂತೆಕಟ್ಟೆ ದಾಟಿ ಹೆದ್ದಾರಿ 66ರಲ್ಲಿ ಹೊಸ ಪ್ಯಾಡನ್ನು ರೋಟರಿಗೆ ಹೊಂದುವಂತೆ ಪಳಗಿಸಿದೆ. 60ರಿಂದ 15ಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ವೇಗ ಹಿಡಿಯುವುದು. ಎಂಟು ಹತ್ತು ಸಲ ಹೀಗೆ ಮಾಡಿ, ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿದೆ. ಸ್ಟೇರಿಂಗ್ ಅಲುಗಲಿಲ್ಲ.

ಮುಂದಿನದು ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರಿನಂಶ ಹೀರಿಕೊಂಡರೆ ಆ ಮಿತಿ 155ರ ಹತ್ತಿರ ಬಂದುಬಿಡಬಹುದು. ನಮ್ಮ ಗಾಳಿಯಲ್ಲಿ ನೀರಿಗೇನು ಬರವೇ? ಎರಡು ವರ್ಷ ಆಗಿದ್ದರೆ ಘಾಟಿ ಹತ್ತುವ ಮುಂಚೆ ಅದನ್ನೂ ಬದಲಾಯಿಸಿ.