ಸ್ವಿಚ್ ಕೂರಿಸಿದ ಕೂಡಲೇ ಡ್ಯಾಶ್‌ಬೋರ್ಡ್ ತಾನಾಗಿ ಬರುವಂತೆ ಮಾಡುವುದು

ಮಂಡ್ಯ ಜಿಲ್ಲೆಯ ಏಳು ತಾಲ್ಲೂಕಿಗೂ ಇಂಟರ್‌ನೆಟ್ ಕೊಡುವ ಕೇಬಲ್ ಆಪರೇಟರ್ ಒಬ್ಬರು ಇದ್ದಾರೆ ಎಂದುಕೊಳ್ಳಿ. ಹೊಸ ನೆಟ್‌ವರ್ಕ್ ಸ್ವಿಚ್ ಬಂದಾಗಲೆಲ್ಲ ಯಾರೋ ಗ್ರಾಫಾನಾ (ಅಳತೆಗಳನ್ನು ಗ್ರಾಫ್ ಮಾಡಿ ತೋರಿಸುವ ಸಾಫ್ಟ್‌ವೇರ್) ತೆರೆದು, ಹಳೇ ಡ್ಯಾಶ್‌ಬೋರ್ಡ್ ಕಾಪಿ ಮಾಡಿ, ಐಪಿ ತಿದ್ದುತ್ತಾರೆ. ಹತ್ತು ಸ್ವಿಚ್‌ವರೆಗೆ ಹೇಗೋ ನಡೆಯುತ್ತೆ. ಆಮೇಲೆ ಒಂದು ಪ್ಯಾನೆಲ್ ತಿದ್ದಲು ಮರೆತು, ಮಳವಳ್ಳಿ ಬೋರ್ಡಿನಲ್ಲಿ ಪಾಂಡವಪುರದ ಟ್ರಾಫಿಕ್ ಓಡುತ್ತಿರುತ್ತೆ. ಈ ಕೆಲಸ ಚಿಕ್ಕದೊಂದು ವೆಬ್ ಸರ್ವಿಸ್‌ಗೆ ಬಿಡಿ. ಪೈಥಾನ್, ಅದರ ವೆಬ್ ಲೈಬ್ರರಿ ಫ್ಲಾಸ್ಕ್ ಧಾರಾಳವಾಯಿತು. ತಾಲ್ಲೂಕು ಕೋಡ್, ಸ್ವಿಚ್ ಹೆಸರು, ಐಪಿ ಕೊಟ್ಟರೆ ಅದು ಪ್ರೊಮೀಥಿಯಸ್‌ಗೆ (ಅಳತೆಗಳನ್ನು ಆಗಾಗ ಓದಿ ಕೂಡಿಡುವ ಸಾಫ್ಟ್‌ವೇರ್) ಟಾರ್ಗೆಟ್ (ಓದಬೇಕಾದ ಸಾಧನ) ಸೇರಿಸಿ, ಗ್ರಾಫಾನಾಗೆ ಬೋರ್ಡ್ ಕಳಿಸಬೇಕು.

ಟಾರ್ಗೆಟ್‌ಗಳನ್ನು ಪ್ರೊಮೀಥಿಯಸ್‌ನ ಮುಖ್ಯ ಕಾನ್ಫಿಗ್‌ನಲ್ಲಿ ಬರೆಯದೆ, ಫೈಲ್ ಎಸ್‌ಡಿ (ಟಾರ್ಗೆಟ್ ಪಟ್ಟಿಯನ್ನು ಫೈಲಿನಿಂದ ಓದುವ ಸೌಲಭ್ಯ) ಮೂಲಕ ಪ್ರತ್ಯೇಕ ಜೇಸನ್ ಫೈಲಿನಲ್ಲಿಡಿ. ಫೈಲ್ ಬದಲಾದರೆ ರೀಸ್ಟಾರ್ಟ್ ಬೇಡ, ತಾನೇ ಓದಿಕೊಳ್ಳುತ್ತೆ. ಸರ್ವಿಸ್ ಅದೇ ಫೋಲ್ಡರಿನಲ್ಲಿ ಬೇರೆ ಎಕ್ಸ್‌ಟೆನ್ಶನ್ ಹಾಕಿ ಪೂರ್ತಿ ಬರೆದು, ಕೊನೆಗೆ ರಿನೇಮ್ ಮಾಡಲಿ. ಇಲ್ಲವಾದರೆ ಅರ್ಧ ಬರೆದ ಫೈಲ್ ಓದಲು ಸಿಕ್ಕಿ ಎರರ್ ಬರುತ್ತೆ. ಎಸ್‌ಎನ್‌ಎಂಪಿ (ನೆಟ್‌ವರ್ಕ್ ಸಾಧನದ ಸ್ಥಿತಿ ಕೇಳುವ ಪ್ರೋಟೋಕಾಲ್) ಮೂಲಕ ಸ್ವಿಚ್ಚನ್ನು ಕೇಳಿ ಪ್ರೊಮೀಥಿಯಸ್‌ಗೆ ಕೊಡುವ ಎಸ್‌ಎನ್‌ಎಂಪಿ ಎಕ್ಸ್‌ಪೋರ್ಟರ್ 9116ನೇ ಪೋರ್ಟಿನಲ್ಲಿರುತ್ತದಷ್ಟೆ. ಸ್ವಿಚ್ಚಿನ ಐಪಿಯನ್ನು ಟಾರ್ಗೆಟ್ ಪ್ಯಾರಾಮೀಟರ್‌ಗೂ ಇನ್‌ಸ್ಟೆನ್ಸ್ ಲೇಬಲ್‌ಗೂ ರೀಲೇಬಲ್ (ನಕಲು) ಮಾಡಿ, ಅಡ್ರೆಸ್ ಜಾಗಕ್ಕೆ ಎಕ್ಸ್‌ಪೋರ್ಟರ್ ಅಡ್ರೆಸ್ ಹಾಕಬೇಕು. ಇದನ್ನು ಮರೆಯಬೇಡಿ.

ಗ್ರಾಫಾನಾದಲ್ಲಿ ಸರ್ವಿಸ್ ಅಕೌಂಟ್ ಮಾಡಿ ಎಡಿಟರ್ ರೋಲ್ ಕೊಡಿ, ಅದರ ಟೋಕನ್ ತೆಗೆದುಕೊಳ್ಳಿ. ಅಡ್ಮಿನ್ ಪಾಸ್‌ವರ್ಡ್ ಕೋಡಿನೊಳಗೆ ಬರೆಯಬೇಡಿ. 401 ಬಂದರೆ ಟೋಕನ್ ತಪ್ಪು, 403 ಬಂದರೆ ರೋಲ್ ಸಾಲದು. ಟೆಂಪ್ಲೇಟ್‌ನಲ್ಲಿ ಹೆಸರು, ಐಪಿ ತುಂಬಿ, ಐಡಿಯನ್ನು ನಲ್ ಮಾಡಿ, ಓವರ್‌ರೈಟ್ ಟ್ರೂ ಇಟ್ಟು ಡ್ಯಾಶ್‌ಬೋರ್ಡ್ ಎಪಿಐಗೆ ಪೋಸ್ಟ್ ಮಾಡಿ. ಓವರ್‌ರೈಟ್ ಮರೆತರೆ ಎರಡನೇ ಸಲ 412 ಸಿಗುತ್ತೆ.

ಇಡೀ ವ್ಯವಸ್ಥೆ ನಿಂತಿರುವುದು ಯುಐಡಿ, ಅಂದರೆ ಬೋರ್ಡಿನ ವಿಶಿಷ್ಟ ಗುರುತಿನ ಮೇಲೆ. ಅದನ್ನು ನೀವು ಕೊಡದಿದ್ದರೆ ಗ್ರಾಫಾನಾ ತನಗೆ ತೋಚಿದ್ದನ್ನು ಕೊಟ್ಟುಕೊಳ್ಳುತ್ತೆ. ಮುಂದಿನ ಸಲ ಅದೇ ಬೋರ್ಡ್ ತಿದ್ದೋಣವೆಂದರೆ ಹಿಡಿಯೇ ಸಿಗದು. ಯುಐಡಿ ಗರಿಷ್ಠ 40 ಅಕ್ಷರ. ಇಂಗ್ಲಿಷ್ ಅಕ್ಷರ, ಅಂಕಿ, ಹೈಫನ್, ಅಂಡರ್‌ಸ್ಕೋರ್ ಮಾತ್ರ ನಡೆಯುತ್ತೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ತೊಂದರೆಯಿಲ್ಲ. ಆದರೆ ಯುಐಡಿಯನ್ನು ಟೈಪ್ ಮಾಡಿದ ಊರಿನ ಹೆಸರಿನಿಂದ ಕಟ್ಟಬೇಡಿ: ಒಬ್ಬರು ಕೆ.ಆರ್. ಪೇಟೆ ಅಂತಾರೆ, ಇನ್ನೊಬ್ಬರು ಕೃಷ್ಣರಾಜಪೇಟೆ, ಒಂದೇ ಸ್ವಿಚ್ಚಿಗೆ ಎರಡು ಬೋರ್ಡ್. ಏಳು ತಾಲ್ಲೂಕಿಗೆ ಏಳು ಕೋಡ್ ಪಟ್ಟಿ ಮಾಡಿ, ಅದರಲ್ಲಿ ಇಲ್ಲದ್ದು ಬಂದರೆ ಸರ್ವಿಸ್ ವಾಪಸ್ ಕಳಿಸಲಿ.

ಟೆಂಪ್ಲೇಟ್ ತೆಗೆಯುವಾಗ ಎಡವುವ ಇನ್ನೊಂದು ಜಾಗ ಇದೆ. ಹೊರಗಿನವರಿಗೆ ಹಂಚಲು ಎಕ್ಸ್‌ಪೋರ್ಟ್ ಮಾಡಿದ ಜೇಸನ್‌ನಲ್ಲಿ ಡೇಟಾ ಸೋರ್ಸ್ ಜಾಗದಲ್ಲಿ ಡಿಎಸ್ ಅಂತ ಶುರುವಾಗುವ ಖಾಲಿ ಹೆಸರು ಕೂತಿರುತ್ತೆ. ಈ ಎಪಿಐ ಅದನ್ನು ತುಂಬುವುದಿಲ್ಲ. ನಿಮ್ಮ ಪ್ರೊಮೀಥಿಯಸ್ ಡೇಟಾ ಸೋರ್ಸಿನ ಯುಐಡಿಯನ್ನು ಮೊದಲೇ ಹಾಕಿಡಿ.

ಪ್ಯಾನೆಲ್‌ಗೆ 64 ಬಿಟ್‌ನ ಇಫ್-ಎಚ್‌ಸಿ-ಇನ್-ಆಕ್ಟೆಟ್ಸ್ ಕೌಂಟರನ್ನೇ (ಒಳಬಂದ ಬೈಟ್‌ಗಳ ಲೆಕ್ಕ) ಬಳಸಿ, ಸೆಕೆಂಡಿನ ದರ ತೆಗೆದು, ಬಿಟ್ ಆಗಲು 8ರಿಂದ ಗುಣಿಸಿ. 32 ಬಿಟ್‌ನದು 1 ಗಿಗಾಬಿಟ್ ತುಂಬಿ ಹರಿದರೆ ಸುಮಾರು 34 ಸೆಕೆಂಡಿಗೆ ಸುತ್ತಿ ಸೊನ್ನೆಗೆ ಬರುತ್ತೆ. ನಿಮಿಷಕ್ಕೊಮ್ಮೆ ಓದುವವರಿಗೆ ಗ್ರಾಫ್ ಸುಳ್ಳೇ ಹೇಳುತ್ತೆ. ಪೋರ್ಟನ್ನು ಇಫ್‌ಇಂಡೆಕ್ಸ್ ನಂಬರಿನಿಂದ ಗುರುತಿಸಬೇಡಿ: ಕರೆಂಟ್ ಹೋಗಿ ಬಂದು ರೀಬೂಟ್ ಆದಾಗ ಕೆಲವು ಸ್ವಿಚ್‌ಗಳಲ್ಲಿ ಆ ನಂಬರ್ ಬದಲಾಗುತ್ತೆ. ಇಫ್‌ನೇಮ್ (ಪೋರ್ಟಿನ ಹೆಸರು) ಹಿಡಿಯಿರಿ.

ಗ್ರಾಫಾನಾದಿಂದ 200 (ಯಶಸ್ವಿ ಎಂಬ ಉತ್ತರ) ಬಂತೆಂದು ಕೈತೊಳೆದುಕೊಳ್ಳಬೇಡಿ. ಅದು ಬೋರ್ಡ್ ಸೇವ್ ಆಯಿತು ಎಂಬುದಕ್ಕಷ್ಟೇ ಸಾಕ್ಷಿ, ಡೇಟಾಗಲ್ಲ. ಎರಡು ಮೂರು ನಿಮಿಷ ಬಿಟ್ಟು ಆ ಐಪಿಯ ಅಪ್ ಮೆಟ್ರಿಕ್ (ಓದಲು ಸಿಕ್ಕರೆ 1, ಇಲ್ಲವಾದರೆ 0) ಎಷ್ಟೆಂದು ಸರ್ವಿಸ್ಸೇ ಪ್ರೊಮೀಥಿಯಸ್ಸನ್ನು ಕೇಳಲಿ. ಸೊನ್ನೆಯಾದರೆ ಎಸ್‌ಎನ್‌ಎಂಪಿ ಬಳಸುವ ಯುಡಿಪಿ 161 ಫೈರ್‌ವಾಲ್‌ನಲ್ಲಿ ಮುಚ್ಚಿದೆಯೇ, ಕಮ್ಯುನಿಟಿ ಸ್ಟ್ರಿಂಗ್ (ಎಸ್‌ಎನ್‌ಎಂಪಿಯ ಪಾಸ್‌ವರ್ಡ್‌ನಂಥದ್ದು) ಸರಿಯಿದೆಯೇ ನೋಡಿ.

ಸ್ವಿಚ್ ತೆಗೆಯುವ ದಾರಿಯನ್ನೂ ಅದೇ ದಿನ ಬರೆಯಿರಿ. ಮೊದಲು ಟಾರ್ಗೆಟ್ ಅಳಿಸಿ, ಆಮೇಲೆ ಯುಐಡಿ ಕೊಟ್ಟು ಬೋರ್ಡ್ ಅಳಿಸಿ. ಬೋರ್ಡ್ ಮಾತ್ರ ಹೋಗಿ ಟಾರ್ಗೆಟ್ ಉಳಿದರೆ, ಬಿಚ್ಚಿ ಗೋಡೌನಿಗೆ ಹಾಕಿದ ಸ್ವಿಚ್ ಡೌನ್ ಆಗಿದೆ ಅಂತ ರಾತ್ರಿಯೆಲ್ಲ ಅಲರ್ಟ್ ಬರುತ್ತಿರುತ್ತೆ.