ಮನೆ ಬದಲಿಸಿ ಐದು ದಿನ: ನೆದರ್‌ಲ್ಯಾಂಡ್ಸ್‌ಗೆ ಬರುವ ನಮ್ಮ ಕಡೆಯವರಿಗೆ

ಕಳೆದ ರಜೆಯಲ್ಲಿ ಶಿರಸಿ ಹತ್ತಿರದ ಮನೆಗೆ ಬಂದಿದ್ದೆ. ಅಪ್ಪನ ಬೆಳೆಸಾಲಕ್ಕೆ ಪಹಣಿ ಬೇಕಿತ್ತು. ನಾಡಕಚೇರಿ ಸಾಲಲ್ಲಿ ನಿಂತಾಗ ಫೋನ್ ಬಂತು. ಅಂಕೋಲೆ ಕಡೆಯ ಹುಡುಗ, ಅಲ್ಲಿಗೆ ಹೋಗಿ ಒಂದು ವರ್ಷ. “ಅಣ್ಣಾ, ಮನೆ ಬದಲಿಸಿ ಮೂರು ತಿಂಗಳಾಯ್ತು. ನಗರಸಭೆಗೆ ಹೇಳಿಲ್ಲ. ಏನೂ ಆಗಲ್ಲ ಅಲ್ವಾ?”

ಆಗುತ್ತದೆ. ನನಗೆ ಆಗಿದೆ. ಇದೇ ಪ್ರಶ್ನೆ ಕೇಳಿದವರಲ್ಲಿ ಇವನು ಮೂರನೆಯವನು. ಅದಕ್ಕೇ ಬರೆಯುತ್ತಿದ್ದೇನೆ.

ವೀಸಾ, ಜಾಕೆಟ್, ಸೈಕಲ್ ವಿಷಯ ಬಿಡಿ. ಬಂದ ಐದು ದಿನದೊಳಗೆ ಖೆಮೇಂತೆಗೆ, ಅಂದರೆ ಅಲ್ಲಿನ ನಗರಸಭೆಗೆ, ಹೋಗಿ ಹೆಸರು ಬರೆಸಬೇಕು, ಬಿಎಸ್‌ಎನ್ ಅನ್ನೋ, ನಮ್ಮ ಆಧಾರ್ ಥರದ, ಒಂಬತ್ತು ಅಂಕಿಯ ನಂಬರ್ ಸಿಗುತ್ತದೆ. ಇದನ್ನು ನಿಮ್ಮ ಕಂಪನಿಯವರೇ ಕೈಹಿಡಿದು ಮಾಡಿಸುತ್ತಾರೆ. ಕೈಕೊಡುವುದು ಮನೆ ಬದಲಿಸಿ ಎರಡನೇ ಮನೆಗೆ ಹೋದಾಗ.

ನಾವು ಬೆಳೆದ ರೀತಿ ನೋಡಿ. ಅಪ್ಪನ ಹತ್ತಿರ ಒಂದು ಹಸಿರು ಫೈಲ್ ಇದೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಎಲ್ಲದರ ಐದೈದು ಜೆರಾಕ್ಸ್. ಯಾವ ಕಚೇರಿಗೆ ಹೋದರೂ ಮೊದಲಿಂದ ಕೇಳುತ್ತಾರೆ. ಭೂಮಿ ಯೋಜನೆಯಲ್ಲಿ 2000ದ ಹೊತ್ತಿಗೇ ಪಹಣಿ ಕಂಪ್ಯೂಟರಿಗೆ ಬಂತು, ಈಗ ಮನೆಮಂದಿಯ ವಿವರವಿರುವ ಕುಟುಂಬ ಅನ್ನೋ ಸರ್ಕಾರಿ ಡೇಟಾಬೇಸ್ ಕೂಡ ಇದೆ. ಆದರೂ ನಮ್ಮ ಕೇರಿಯಲ್ಲೇ ಮೂರು ತೋಟದ ಪಹಣಿ ಇನ್ನೂ ತೀರಿಹೋದ ಅಜ್ಜಂದಿರ ಹೆಸರಲ್ಲಿದೆ. ಕೊನೆಕೊಯ್ಲು ನಿಂತಿಲ್ಲ. ಹಿಸ್ಸೆ ಮಾಡುವ ದಿನ ಬಂದರೆ ಮಾತ್ರ ತಲೆನೋವು. ಇದರಿಂದ ನಮಗೊಂದು ಅಭ್ಯಾಸ ಬಿದ್ದಿದೆ. ನಾವು ಹೇಳದಿದ್ದರೆ ಕಚೇರಿಗೆ ಗೊತ್ತಾಗಲ್ಲ, ಗೊತ್ತಾಗದಿದ್ದರೆ ಏನೂ ಆಗಲ್ಲ.

ಅಲ್ಲಿ ಗೊತ್ತಾಗದಿದ್ದರೇ ಆಗುವುದು.

ಆ ದೇಶದಲ್ಲಿ ಹತ್ತು ಮೂಲ ದಾಖಲೆಗಳಿವೆ. ಜನ, ಕಟ್ಟಡ ಮತ್ತು ವಿಳಾಸ, ಜಮೀನು, ವಾಹನ, ಆದಾಯ, ಹೀಗೆ. ಒಂದು ವಿಷಯವನ್ನು ಒಮ್ಮೆ ಕೇಳಬೇಕು, ಎಲ್ಲ ಇಲಾಖೆಯವರೂ ಅದನ್ನೇ ಬಳಸಬೇಕು ಎಂಬುದು ನಿಯಮ. ಯಾರು ಎಲ್ಲಿ ವಾಸವಿದ್ದಾರೆ ಎಂಬ ದಾಖಲೆಗೆ ಬಿಆರ್‌ಪಿ ಎನ್ನುತ್ತಾರೆ. ಬರೆದುಕೊಳ್ಳುವವರು ನಗರಸಭೆಯವರು. ಓದುವವರು ತೆರಿಗೆಯವರು, ಪಿಂಚಣಿಯವರು, ಆರೋಗ್ಯ ವಿಮೆಯವರು, ಹೀಗೆ ಊರೆಲ್ಲ. ವಿಳಾಸ ಬದಲಾಯಿತು ಅಂತ ಹೊಸ ಊರಿನ ನಗರಸಭೆಗೆ ಒಮ್ಮೆ ಹೇಳಿದರೆ ಸಾಕು. ಹಳೇ ಊರಿಗೂ ಸರ್ಕಾರದ ಉಳಿದ ಇಲಾಖೆಗಳಿಗೂ ಅವರೇ ತಿಳಿಸುತ್ತಾರೆ. ಮೊದಲ ವರ್ಷ ತೆರಿಗೆ ಫಾರಂ ತೆರೆದಾಗ ಸಂಬಳದಿಂದ ಹಿಡಿದು ಎಲ್ಲವೂ ತುಂಬಿಯೇ ಇತ್ತು. ಹಸಿರು ಫೈಲ್ ನೆನಪಾಗಿ ನಗು ಬಂತು.

ಮೂರನೇ ವರ್ಷ ಬೇರೆ ಊರಲ್ಲಿ ಕೆಲಸ ಸಿಕ್ಕಿತು. ಸಿಕ್ಕ ಕೋಣೆಯ ಮಾಲೀಕ, “ಇಲ್ಲಿ ಹೆಸರು ಬರೆಸುವ ಹಾಗಿಲ್ಲ” ಅಂದ. ಬಾಡಿಗೆ ಕಡಿಮೆ ಇತ್ತು, ಸುಮ್ನೆ ಒಪ್ಪಿಕೊಂಡೆ. ಹಳೇ ಮನೆಗೆ ಹೊಸಬರು ಬಂದರು, ಹೆಸರು ಬರೆಸಿದರು. ನಾನು ಅಲ್ಲಿಲ್ಲ ಅಂತ ನಗರಸಭೆಗೆ ಗೊತ್ತಾಯಿತು. ಅವರು ವಿಳಾಸ ತನಿಖೆ ಶುರು ಮಾಡಿದರು. ಪತ್ರ ಬರೆದರು. ಎಲ್ಲಿಗೆ? ದಾಖಲೆಯಲ್ಲಿರುವ ವಿಳಾಸಕ್ಕೆ. ಅಂದರೆ ಹಳೇ ಮನೆಗೇ. ನಾನು ಉತ್ತರ ಕೊಡಲಿಲ್ಲ, ಕೊಡುವುದು ಹೇಗೆ? ಕೊನೆಗೆ ನನ್ನ ಹೆಸರಿನ ಮುಂದೆ ಮೂರು ಅಕ್ಷರ ಬಿತ್ತು: ವಿಒಡಬ್ಲ್ಯೂ. ಹೋಗಿದ್ದಾನೆ, ಎಲ್ಲಿಗೆಂದು ಗೊತ್ತಿಲ್ಲ ಅಂತ ಅರ್ಥ.

ದಿನಾ ಬೆಳಿಗ್ಗೆ ಆಫೀಸಿಗೆ ಹೋಗುತ್ತಿದ್ದೇನೆ, ತೆರಿಗೆ ಕಟ್ಟುತ್ತಿದ್ದೇನೆ, ಆದರೆ ದೇಶದಲ್ಲಿಲ್ಲ. ಆ ಸುದ್ದಿ ಎಲ್ಲ ಕಡೆ ತಾನಾಗಿಯೇ ಹೋಯಿತು. ಒಳ್ಳೆಯ ಸುದ್ದಿ ಹೋಗುವ ಕೊಳವೆಯಲ್ಲೇ ಇದೂ ಹೋಗುತ್ತದಲ್ಲ. ವಿಮೆ ಕಂಪನಿ ಪಾಲಿಸಿ ಮುಗಿಸಿತು. ಆ ಪತ್ರವೂ ಹಳೇ ಮನೆಗೆ. ಸೈಕಲ್ಲಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಾಗಲೇ ನನಗೆ ತಿಳಿದದ್ದು. ಕೌಂಟರಿನ ಹೆಂಗಸು ಕಂಪ್ಯೂಟರ್ ನೋಡಿದಳು, ನನ್ನ ಕೈ ನೋಡಿದಳು, “ನಿಮಗೆ ವಿಮೆ ಇಲ್ಲ” ಎಂದಳು. ಬಿಲ್ಲು 1,400 ಯೂರೋ. ಪಾಸ್‌ಪೋರ್ಟ್ ಹಿಡಿದು ಹೊಸಬನ ಹಾಗೆ ಮತ್ತೆ ಹೆಸರು ಬರೆಸಿದೆ. ವಿಮೆ ಸರಿಯಾಗಿ, ಕಟ್ಟಿದ ದುಡ್ಡು ವಾಪಸ್ ಬರಲು ನಾಲ್ಕು ತಿಂಗಳು ಹಿಡಿಯಿತು. ಹೇಳದೆ ಇದ್ದದ್ದಕ್ಕೆ ನಗರಸಭೆ 325 ಯೂರೋವರೆಗೆ ದಂಡವನ್ನೂ ಹಾಕಬಹುದು. ನನಗೆ ಹಾಕಲಿಲ್ಲ.

ದುಡ್ಡು ಹೋಗಲಿ. ತಡವಾಗಿ ಹೇಳಿದರೆ ದಾಖಲೆಯಲ್ಲಿ ಬೀಳುವುದು ಹೇಳಿದ ದಿನವೇ, ಹಿಂದಿನ ತಾರೀಖು ಹಾಕಲ್ಲ. ಕಾಯಂ ವಾಸಕ್ಕೆ ಐದು ವರ್ಷ ಬಿಡದೆ ಇದ್ದದ್ದನ್ನು ತೋರಿಸುವಾಗ ನನ್ನ ಏಳು ವಾರದ ತೂತು ಎದ್ದು ಕಾಣುತ್ತಿತ್ತು. ಸಂಬಳದ ಚೀಟಿ, ಬಾಡಿಗೆ ಕಟ್ಟಿದ ಲೆಕ್ಕ, ವಕೀಲರ ಫೀಸು, ಎಲ್ಲ ಜೋಡಿಸಿದೆ. ಹಸಿರು ಫೈಲಿನ ಮಗ ಮತ್ತೆ ಜೆರಾಕ್ಸ್ ಅಂಗಡಿಗೇ ಬಂದ ಹಾಗಾಯ್ತು.

ಹಾಗಾಗಿ ನೆನಪಿಡಿ: ಮನೆ ಬದಲಿಸುವ ನಾಲ್ಕು ವಾರ ಮೊದಲಿನಿಂದ, ಬದಲಿಸಿದ ಐದು ದಿನದವರೆಗೆ ಹೇಳಬಹುದು. ಡಿಜಿಡಿ, ಅಂದರೆ ಅಲ್ಲಿನ ಸರ್ಕಾರಿ ವೆಬ್‌ಸೈಟುಗಳ ಲಾಗಿನ್, ಇದ್ದರೆ ಬಹಳ ಕಡೆ ಹತ್ತು ನಿಮಿಷದ ಕೆಲಸ. ಮಾಲೀಕ ಬೇಡ ಅಂದರೂ, ನೀವು ನಿಜವಾಗಿ ವಾಸವಿರುವ ಕಡೆಯೇ ಹೆಸರಿರಬೇಕು ಎಂಬುದು ಕಾನೂನು. ನಗರಸಭೆಗೆ ಬೇಕಾದ್ದು ನೀವು ಅಲ್ಲಿದ್ದೀರಿ ಎಂಬುದಕ್ಕೆ ಪುರಾವೆ, ಮಾಲೀಕನ ಪ್ರೀತಿಯಲ್ಲ. “ಹೆಸರು ಬರೆಸುವ ಹಾಗಿಲ್ಲ” ಅಂದವನ ಕೋಣೆ ಎಷ್ಟು ಅಗ್ಗವಾದರೂ ಹೋಗಬೇಡಿ.

ಯಾವ ಪದ್ಧತಿ ಮೇಲು ಅಂತ ಕೇಳಿದರೆ, ನನ್ನ ಓಟು ಅವರದಕ್ಕೇ, ಸ್ವಲ್ಪ ಗೊಣಗುತ್ತಾ. ನಮ್ಮಲ್ಲಿ ಪಹಣಿ ತಪ್ಪಾದರೆ ಪಹಣಿ ಮಾತ್ರ ತಪ್ಪು. ಅಲ್ಲಿ ಒಂದು ಸಾಲು ತಪ್ಪಿದರೆ ಅದರ ನಕಲು ಹತ್ತು ಕಡೆ. ಈ ನಕಲಿನ ರೋಗ ಅವರಿಗೂ ಗೊತ್ತಿದೆ. ಜನದಾಖಲೆಗೆ, ಅಂದರೆ ಬಿಆರ್‌ಪಿಗೆ, ಹೊಸ ಸಾಫ್ಟ್‌ವೇರ್ ಕಟ್ಟಲು ಹೋಗಿ ಸುಮಾರು 10 ಕೋಟಿ ಯೂರೋ ಸುರಿದು, 2017ರಲ್ಲಿ ಕೈಬಿಟ್ಟರು. ಈಗ ನಗರಸಭೆಗಳ ಒಕ್ಕೂಟ ಕಾಮನ್ ಗ್ರೌಂಡ್ ಅನ್ನೋ ದಾರಿ ಹಿಡಿದಿದೆ. ಡೇಟಾ ಮೂಲದಲ್ಲೇ ಇರಲಿ, ನಕಲು ಮಾಡಿಟ್ಟುಕೊಳ್ಳಬೇಡಿ, ಬೇಕಾದಾಗ ಬಂದು ಕೇಳಿ ಅಂತ. ಪಕ್ಕದ ಮನೆಯ ಬಾವಿಯಿಂದ ಬೇಕಾದಷ್ಟೇ ಸೇದಿಕೊಂಡ ಹಾಗೆ. ಇನ್ನೊಂದು ಒಳ್ಳೆಯ ನಿಯಮವಿದೆ. ದಾಖಲೆ ತಪ್ಪಿರಬಹುದು ಅನಿಸಿದ ಸರ್ಕಾರಿ ಕಚೇರಿ ಅದನ್ನು ಮೂಲಕ್ಕೆ ತಿಳಿಸಲೇಬೇಕು. ನಮ್ಮ ಕುಟುಂಬ ಡೇಟಾಬೇಸಿನವರು ಬೇರೇನೂ ಬೇಡ, ಇದೊಂದನ್ನು ಕದ್ದರೂ ಸಾಕು.

ಎಲ್ಲ ಒಂದೇ ಕಡೆ ಇರುವುದಕ್ಕೆ ಹೆದರುವ ಮುದುಕರೂ ಅಲ್ಲಿದ್ದಾರೆ, ಸುಮ್ಮನೆ ಅಲ್ಲ. ಯುದ್ಧದ ಕಾಲದಲ್ಲಿ ಯಹೂದಿಗಳನ್ನು ಹುಡುಕಲು ಜರ್ಮನರಿಗೆ ಸಿಕ್ಕಿದ್ದು ಅಚ್ಚುಕಟ್ಟಾಗಿ ಬರೆದಿಟ್ಟ ಇದೇ ಜನದಾಖಲೆ. 1943ರ ಮಾರ್ಚ್ 27ರಂದು ಹೋರಾಟಗಾರರು ಆಮ್‌ಸ್ಟರ್‌ಡ್ಯಾಮಿನ ದಾಖಲೆ ಕಚೇರಿಗೇ ಬಾಂಬಿಟ್ಟರು.

ಉಳಿದದ್ದು ಚುಟುಕಾಗಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದರೆ ಅಲ್ಲಿ ನಿಮ್ಮ ಪೂರ್ತಿ ಹೆಸರೇ ಸರ್‌ನೇಮ್ ಆಗಿ ಕೂರುತ್ತದೆ. ಹೊರಡುವ ಮೊದಲೇ ‘ಭಟ್ಟ’ನೋ ‘ನಾಯ್ಕ’ನೋ ಸೇರಿಸಿಕೊಳ್ಳಿ. ಊರಿನವನು ಅಂತ ನಿಮ್ಮ ವಿಳಾಸದಲ್ಲಿ ಯಾರದೋ ಹೆಸರು ಬರೆಸಲು ಬಿಡಬೇಡಿ. ಬಾಡಿಗೆ ಸಹಾಯಧನಕ್ಕೆ ಅವನ ಸಂಬಳವೂ ಲೆಕ್ಕಕ್ಕೆ ಬರುತ್ತದೆ, ಬಹಳ ಊರುಗಳಲ್ಲಿ ಕಸದ ತೆರಿಗೆ ಕೂಡ ಜಾಸ್ತಿಯಾಗುತ್ತದೆ. ಬಾಣಂತನಕ್ಕೋ ಅಮ್ಮನ ಕಾಯಿಲೆಗೋ ಒಂದು ವರ್ಷದಲ್ಲಿ ಎಂಟು ತಿಂಗಳಿಗಿಂತ ಹೆಚ್ಚು ಊರಲ್ಲಿರುವುದಾದರೆ, ಹೊರಡುವ ಮೊದಲು ಹೆಸರು ತೆಗೆಸಿ ಬರಬೇಕು.

ಅಂಕೋಲೆ ಹುಡುಗನಿಗೆ ಆ ಸಾಲಲ್ಲೇ ನಿಂತು ಫಾರಂ ತುಂಬಿಸಿದೆ. ಪಿನ್‌ಕೋಡ್, ಮನೆ ನಂಬರ್, ಅಷ್ಟೇ ವಿಳಾಸ. ಮಾರಿಗುಡಿ ಎದುರು, ಅಶ್ವತ್ಥಕಟ್ಟೆ ಹಿಂದೆ, ಯಾವುದೂ ಇಲ್ಲ. “ಅಣ್ಣಾ, ನಂಬರಿನ ಮುಂದೆ ಇನ್ನೊಂದು ಖಾನೆ ಕೇಳ್ತಿದೆ. ಬಾಗಿಲ ಮೇಲೆ 18 ಬಿಸ್ ಅಂತ ಇದೆ.” ಹಾಕು, ಅದು ಮೇಲಿನ ಮಹಡಿ. ಬಿಟ್ಟರೆ ನೀನು ಕೆಳಗಿನ ಮನೆಯವನಾಗ್ತೀಯ, ಅಂದೆ.

ಅಷ್ಟರಲ್ಲಿ ನನ್ನ ಪಾಳಿ ಬಂತು. ಕೌಂಟರಿನವರು ಸರ್ವೆ ನಂಬರ್ ಕೇಳಿದರು, ಹೆಸರು ಕೇಳಿದರು. ಅಪ್ಪನ ಹೆಸರು ಹೇಳಿದೆ. ತಲೆ ಎತ್ತದೆ ಕೇಳಿದರು, “ಬಿನ್?”