ಎಡಿನ್‌ಬರೋದಲ್ಲಿ ತಿನ್ನುತ್ತಾ ನಡೆಯುವವರಿಗೆ

ಕುಂಬಳೆ, ಬದಿಯಡ್ಕ ಕಡೆಯಿಂದ ಮಕ್ಕಳನ್ನು ನೋಡಲು ಸ್ಕಾಟ್ಲೆಂಡಿನ ಎಡಿನ್‌ಬರೋಗೆ ಹೊರಟಿದ್ದೀರಾ? ಅಲ್ಲಿ ಗೈಡ್ ಜೊತೆ ನಡೆದು, ಅಲ್ಲಲ್ಲಿ ಕೂತು ಊರಿನ ತಿಂಡಿ ರುಚಿ ನೋಡುವ ಟೂರ್‌ಗಳಿವೆ. ಅವತ್ತು ಬೆಳಗ್ಗೆ ಹೊಟ್ಟೆ ಹಗುರ ಇರಲಿ. ಚಪ್ಪಲಿ ಬೇಡ, ರಾಯಲ್ ಮೈಲ್ ಎಂಬ ಹಳೇ ಬೀದಿಯ ಕಲ್ಲುಹಾಸು ಮಳೆಗೆ ಜಾರುತ್ತದೆ.

ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ. ಹ್ಯಾಗಿಸ್ ಅಂದರೆ ಕುರಿಯ ಹೃದಯ, ಲಿವರ್, ಶ್ವಾಸಕೋಶವನ್ನು ಓಟ್ಸ್, ಈರುಳ್ಳಿ, ಕೊಬ್ಬಿನ ಜೊತೆ ಬೇಯಿಸಿದ್ದು. ಕಾಳು, ತರಕಾರಿ ಹಾಕಿದ ಹ್ಯಾಗಿಸೂ ಸಿಗುತ್ತದೆ. ಕಾಳುಮೆಣಸಿನ ಘಾಟಿರುವ ಅದೇ ನನಗೆ ಹೆಚ್ಚು ಇಷ್ಟ. ಕಲನ್ ಸ್ಕಿಂಕ್ ಎಂಬ ಸೂಪಿನ ಬಿಳಿ ಬಣ್ಣ ನೋಡಿ ನಂಬಬೇಡಿ. ಹಾಲು, ಆಲೂಗಡ್ಡೆ ಜೊತೆ ಹೊಗೆ ಹಾಕಿದ ಹ್ಯಾಡಕ್ ಮೀನೂ ಇರುತ್ತದೆ.

ಕುಡಿಯದವರು ಕ್ರಾನಾಕನ್ ಎಂಬ ಸಿಹಿತಿಂಡಿಯ ಬಗ್ಗೆ ಕೇಳಿಯೇ ಚಮಚ ಹಾಕಿ. ಕ್ರೀಮ್, ಜೇನು, ಹುರಿದ ಓಟ್ಸ್, ರಾಸ್‌ಬೆರಿ, ಜೊತೆಗೆ ವಿಸ್ಕಿ! ಎರಡು ಚಮಚ ತಿಂದ ಮೇಲೆ ನಮ್ಮ ಅತ್ತೆ, ‘ಇದೆಂತ ಮಾರಾಯ್ತಿ, ಮದ್ದಿನ ಪರಿಮಳ?’ ಅಂದರು. ನಾನು ಸುಮ್ನೆ ಬಟ್ಟಲು ನನ್ನ ಕಡೆ ಎಳೆದುಕೊಂಡೆ.

ಕುಡಿಯುವವರು ಗಟಗಟ ಇಳಿಸಬೇಡಿ. ಸ್ಕಾಚ್ ವಿಸ್ಕಿ ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಕೂತು ಬಂದಿರುತ್ತದೆ. ಬಾಯಿ ಸ್ವಲ್ಪ ತೆರೆದು ಮೂಸಿ, ಒಂದು ಗುಟುಕು ಕುಡಿಯಿರಿ. ಆಮೇಲೆ ನಾಲ್ಕು ಹನಿ ನೀರು ಸೇರಿಸಿ ಮತ್ತೆ ಮೂಸಿ. ಪರಿಮಳ ಬೇರೆಯೇ ಆಗಿರುತ್ತದೆ. ಐಸ್ ಹಾಕಿದರೆ ಅದು ಮಂಕಾಗುತ್ತದೆ.

ಊರಿಗೆ ತರಲು ಶಾರ್ಟ್‌ಬ್ರೆಡ್ ಬಿಸ್ಕತ್ತು ಒಳ್ಳೆಯದು: ಹಿಟ್ಟು, ಬೆಣ್ಣೆ, ಸಕ್ಕರೆ ಅಷ್ಟೇ. ಏನೇನು ಹಾಕಿದ್ದಾರೆಂದು ಪೊಟ್ಟಣದ ಮೇಲೊಮ್ಮೆ ಓದಿ, ಕೈಚೀಲದಲ್ಲೇ ಇಡಿ. ಸೂಟ್‌ಕೇಸಿಗೆ ಹಾಕಿದರೆ ಪುಡಿಪುಡಿ.